ಫೋಟೊದಲ್ಲಿ ‘ಸೈಜ್’ ಇಲ್ಲದ ಕೆ.ವಿ. ಅಯ್ಯರ್

ಜಿಮ್‌ಗೆ ಹೋಗುವ ನಮ್ಮ ಅಕ್ಕೂರು ಕಡೆಯ ಹುಡುಗನೊಬ್ಬನಿಗೆ ಕೆ.ವಿ. ಅಯ್ಯರ್ ಅವರ ಹಳೇ ಫೋಟೊ ತೋರಿಸಿದೆ. ನೋಡಿದವನೇ, “ಶೇಪ್ ಸೂಪರ್ ಅಣ್ಣ, ಆದ್ರೆ ಸೈಜ್ ಇಲ್ಲ” ಅಂದ.

‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದರಲ್ಲ, ಅದೇ ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದವರು, ಟಿ.ಪಿ. ಕೈಲಾಸಂ ಅವರ ಗೆಳೆಯರು. ಅವರ ಕಾಲದಲ್ಲಿ ಅವರದು ದೇಶ ವಿದೇಶಗಳಲ್ಲಿ ಹೆಸರು ಮಾಡಿದ ಮೈಕಟ್ಟು. ಈಗ ಹುಡುಗರ ಕಣ್ಣಿಗೆ ಸಾಲುತ್ತಿಲ್ಲ. ಯಾಕೆ?

ಗರಡಿಮನೆಯಲ್ಲಿ ಮೈ ಬೆಳೆಸುತ್ತಿದ್ದದ್ದು ಕುಸ್ತಿಗೆ. ತೋಳು ಎಷ್ಟು ದಪ್ಪ ಎಂದು ಯಾರೂ ಅಳೆಯುತ್ತಿರಲಿಲ್ಲ, ಜಾತ್ರೆಯ ಅಖಾಡದಲ್ಲಿ ಯಾರ ಬೆನ್ನು ಮಣ್ಣಿಗೆ ತಾಗಿತು ಅಷ್ಟೇ ಲೆಕ್ಕ. ಅಯ್ಯರ್ ಕಾಲಕ್ಕೆ ಮೈ ನೋಡುವ ವಸ್ತುವಾಯಿತು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು, ಅಂಚೆಯಲ್ಲೂ ವ್ಯಾಯಾಮ ಪಾಠ ಕಳಿಸಿದರು. ಫೋಟೊ ನೋಡಿ ತನ್ನ ಮೈಯನ್ನು ಇನ್ನೊಬ್ಬನ ಮೈಗೆ ಹೋಲಿಸಿಕೊಳ್ಳುವ ಚಾಳಿ ನಮ್ಮಲ್ಲಿ ಆಗಲೇ ಶುರುವಾಯಿತು ಅನ್ನಿಸುತ್ತದೆ.

ಆದರೆ ಆ ಫೋಟೊದ ಮೈ ಊಟ, ಕಸರತ್ತಿನದ್ದು. ಗಂಡಸಿನ ಹಾರ್ಮೋನ್ ಟೆಸ್ಟೊಸ್ಟಿರಾನ್ ಅನ್ನು ಯುರೋಪಿನ ಲ್ಯಾಬ್‌ಗಳಲ್ಲಿ ತಯಾರಿಸಿದ್ದೇ 1935ರಲ್ಲಿ. 1958ರಲ್ಲಿ ಡಯನಬಾಲ್ ಎಂಬ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಮೊದಲು ತೂಕ ಎತ್ತುವವರು ನುಂಗಿದರು, ಆಮೇಲೆ ಬಾಡಿಬಿಲ್ಡರ್‌ಗಳು.

ಹ್ಯಾರಿಸನ್ ಪೋಪ್ ಎಂಬ ಅಮೆರಿಕದ ಮನೋವೈದ್ಯರ ತಂಡ 108 ಬಾಡಿಬಿಲ್ಡರ್‌ಗಳನ್ನು ಮಾತನಾಡಿಸಿ 1993ರಲ್ಲಿ ವರದಿ ಕೊಟ್ಟಿತು. ಅವರಲ್ಲಿ 9 ಜನ ಗೂಳಿಯಂತಿದ್ದರೂ ತಾವು ಪೀಚು ಎಂದೇ ನಂಬಿದ್ದರು. ಆ 9 ಜನರೂ ಸ್ಟಿರಾಯ್ಡ್ ತೆಗೆದುಕೊಂಡವರೇ. ಅದರಲ್ಲಿ 4 ಜನ, ಪೀಚು ಎಂಬ ಆ ಚಿಂತೆಯಿಂದಲೇ ಸ್ಟಿರಾಯ್ಡ್ ಶುರುಮಾಡಿದೆವು ಎಂದರು. 1997ರಲ್ಲಿ ಈ ಕಾಯಿಲೆಗೆ ‘ಮಸಲ್ ಡಿಸ್ಮಾರ್ಫಿಯಾ’ ಎಂಬ ಹೆಸರು ಬಿತ್ತು.

ಬೊಂಬೆ ಊರಾದ ಚನ್ನಪಟ್ಟಣದ ಪಕ್ಕದಲ್ಲಿರುವ ನಮಗೆ ಪೋಪ್ ಅವರ ಇನ್ನೊಂದು ಕೆಲಸ ಇಷ್ಟವಾಗಬೇಕು. ಅಮೆರಿಕದ ಹುಡುಗರು ಆಡುವ ಸೈನಿಕನ ಬೊಂಬೆಗಳ ತೋಳನ್ನು ಅವರು ಅಳೆದರು. ಮನುಷ್ಯನ ಎತ್ತರಕ್ಕೆ ಲೆಕ್ಕ ಹಾಕಿದರೆ 1964ರ ಬೊಂಬೆಯ ತೋಳು ಸುಮಾರು 12 ಇಂಚು, 1990ರ ದಶಕದ ಒಂದರದ್ದು 26 ಇಂಚು ದಾಟಿತ್ತು! ಹೋಲಿಸಿಕೊಳ್ಳಲು ಎದುರಿಗಿಟ್ಟ ಮೈಯೇ ಹೀಗೆ ಊದುತ್ತಾ ಹೋದರೆ ಅಯ್ಯರ್ ಸಣ್ಣಗೆ ಕಾಣದೆ ಇರುತ್ತಾರೆಯೇ? ನಮ್ಮ ಹುಡುಗರಿಗೆ ಈಗ ಆ ಬೊಂಬೆ ಫೋನಿನೊಳಗಿದೆ.

ಸೂಜಿ ಹಿಡಿದವನು ಬಿಡಲಾರದ್ದಕ್ಕೆ ಮೈಯೊಳಗೂ ಕಾರಣವಿದೆ. ಹಾರ್ಮೋನ್ ಹೊರಗಿನಿಂದ ಬಂದರೆ ಸ್ವಂತದ್ದು ತಯಾರಿಸುವುದನ್ನು ಮೈ ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ. ಬಿಟ್ಟ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು, ಮಂಕು, ಹೆಂಗಸರ ಮೇಲಿನ ಆಸೆಯೂ ಇಲ್ಲ. ಸ್ನಾಯು ಇಳಿಯುತ್ತದೆ. ಇದು ಮದ್ದು ಬಿಟ್ಟದ್ದರ ಬಾಧೆ ಎಂದು ಅವನಿಗೆ ಹೊಳೆಯುವುದಿಲ್ಲ. ಕನ್ನಡಿಯಲ್ಲಿ ಮತ್ತೆ ಅದೇ ಪೀಚು ಹುಡುಗ ಕಾಣುತ್ತಾನೆ, ಮತ್ತೆ ಸೂಜಿ. ಇಂಥವನನ್ನು ಮನೆಯವರು ಬೈದರೆ ಮುಚ್ಚಿಡುತ್ತಾನೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಏನು ಚುಚ್ಚಿಕೊಂಡ, ಎಷ್ಟು ದಿನ ಅನ್ನುವುದನ್ನು ಹೇಳಿಸಿದರೆ, ರಕ್ತ ಪರೀಕ್ಷೆಯಲ್ಲಿ ಹಾರ್ಮೋನ್ ಎಷ್ಟಕ್ಕೆ ಇಳಿದಿದೆ ಎಂದು ಗೊತ್ತಾಗುತ್ತದೆ.