ರಿಟ್ಟರ್ ಮತ್ತು ರಾವುತ: ಅರ್ಥ ಹಾಗೂ ಬಳಕೆ

ಮಧ್ಯಯುಗದ ಯುರೋಪಿನ ಅಶ್ವಾರೋಹಿ ವೀರನನ್ನು ಜರ್ಮನ್ ಭಾಷೆಯಲ್ಲಿ ‘ರಿಟ್ಟರ್’ ಎನ್ನುತ್ತಾರೆ. ಸವಾರಿ ಮಾಡು ಎಂಬ ಅರ್ಥದ ‘ರೈಟೆನ್’ ಕ್ರಿಯಾಪದಕ್ಕೆ ಸಂಬಂಧಿಸಿದ ಈ ಶಬ್ದದ ಮೂಲಾರ್ಥ ಸವಾರ ಎಂದಷ್ಟೇ. ಕುದುರೆ, ಕವಚ, ಆಯುಧಗಳು ದುಬಾರಿಯಾಗಿದ್ದ ಕಾಲದಲ್ಲಿ ಸವಾರನ ಸ್ಥಾನಮಾನ ಏರುತ್ತ ಹೋಗಿ, ಅವನ ವೃತ್ತಿನಾಮವೇ ಕುಲೀನ ಪದವಿಯಾಯಿತು. ಪೋಲಿಷ್ ಹಾಗೂ ಚೆಕ್ ಭಾಷೆಗಳು ಈ ಪದವನ್ನು ಎರವಲು ಪಡೆದು ತಮ್ಮ ಉಚ್ಚಾರಣೆಗೆ ಒಗ್ಗಿಸಿಕೊಂಡಿವೆ. ಆಸ್ಟ್ರಿಯದಲ್ಲಿ 1919ರಲ್ಲಿ ಕುಲೀನ ಪದವಿಗಳು ರದ್ದಾಗುವವರೆಗೆ ‘ರಿಟ್ಟರ್ ಫಾನ್’ ಎಂಬುದು ಹೆಸರಿನ ಭಾಗವಾಗಿ ಬಳಕೆಯಲ್ಲಿತ್ತು.

ಇದಕ್ಕೆ ಸಮಾನವೆನಿಸುವ ಇಂಗ್ಲಿಷಿನ ‘ನೈಟ್’ ಪದಕ್ಕೂ ಕುದುರೆಗೂ ಮೂಲದಲ್ಲಿ ನಂಟಿಲ್ಲ. ಹುಡುಗ, ಸೇವಕ ಎಂಬುದು ಅದರ ಹಳೆಯ ಅರ್ಥ. ಅದರ ಜ್ಞಾತಿಪದವಾದ ಜರ್ಮನಿನ ‘ಕ್ನೆಖ್ಟ್’ ಆಳು ಎಂಬ ಅರ್ಥದಲ್ಲಿಯೇ ಉಳಿದಿದೆ.

ಕನ್ನಡದಲ್ಲಿ ಈ ಪದಗಳಿಗೆ ಹತ್ತಿರವಾದುದು ‘ರಾವುತ’ ಅಥವಾ ‘ರಾಹುತ’. ಸಂಸ್ಕೃತದ ‘ರಾಜಪುತ್ರ’ ಶಬ್ದ ಪ್ರಾಕೃತದ ಮೂಲಕ ಹಾದು ಈ ರೂಪ ತಾಳಿತು. ಇಲ್ಲಿನ ಅರ್ಥವಿಕಾಸ ಜರ್ಮನಿನದಕ್ಕೆ ತದ್ವಿರುದ್ಧ. ರಿಟ್ಟರ್ ಸವಾರನಿಂದ ಕುಲೀನನಾಗಿ ಏರಿದರೆ, ರಾವುತ ಅರಸುಮಗನಿಂದ ಸವಾರನಾಗಿ ಇಳಿದಿದ್ದಾನೆ. ಕುಮಾರವ್ಯಾಸ ಭಾರತದ ಯುದ್ಧವರ್ಣನೆಗಳಲ್ಲಿ ರಾವುತರು ಕುದುರೆಯ ಪಡೆಯವರು, ಮಾವುತರು ಆನೆಯ ಪಡೆಯವರು. ಮರಾಠಿಯ ‘ರಾವುತ್’, ಹಿಂದಿಯ ‘ರಾವತ್’ ಕುಲನಾಮಗಳೂ ತಮಿಳುನಾಡಿನ ‘ರಾವುತ್ತರ್’ ಎಂಬ ಸಮುದಾಯದ ಹೆಸರೂ ಇದೇ ಬಳಗದವು.

ರಾವುತನ ಸ್ಥಾನಕ್ಕೆ ಮುಂದೆ ಪಾರಸಿ ಮೂಲದ ಪದಗಳು ಬಂದವು. ಬಿಜಾಪುರದ ಆದಿಲಶಾಹಿಗಳ ಬಳಿಕ 1687ರಲ್ಲಿ ಮೊಘಲರ ವಶವಾಗಿ ಅವರ ಪ್ರಾಂತ್ಯದ ಕೇಂದ್ರವಾದ ಶಿರಾ, ಆ ಆಡಳಿತಭಾಷೆ ನಮ್ಮ ಸೀಮೆಗೆ ಬಂದ ಹೆದ್ದಾರಿಗಳಲ್ಲೊಂದು. ‘ಸವಾರ’, ಸ್ವಂತ ಕುದುರೆಯೊಡನೆ ಸೇವೆಗೆ ಬರುವ ‘ಸಿಲೇದಾರ’, ಸರಕಾರದ ಕುದುರೆ ಏರುವ ‘ಬಾರಗೀರ’ ಇಂಥ ಪದಗಳು. ಮೈಸೂರು ಸಂಸ್ಥಾನವೂ ಸಿಲೇದಾರ ಪಡೆಯನ್ನು ಇಟ್ಟುಕೊಂಡಿತ್ತು. ಕುದುರೆ ಹೋದರೂ ಸವಾರ ಹೋಗಿಲ್ಲ. ದ್ವಿಚಕ್ರ ವಾಹನ ಏರಿದವನೂ ಪತ್ರಿಕೆಗಳಲ್ಲಿ ಸವಾರನೇ. ರಾವುತನಾದರೋ ಹಳೆಯ ಕಾವ್ಯಗಳಲ್ಲಿ, ಮನೆತನಗಳ ಹೆಸರಿನಲ್ಲಿ, ದೇವರ ಹಿಪ್ಪರಗಿಯ ರಾವುತರಾಯನಂತಹ ದೈವಗಳಲ್ಲಿ ನೆಲೆ ಕಂಡುಕೊಂಡಿದ್ದಾನೆ.

ಮಧುಗಿರಿ, ಪಾವಗಡಗಳ ಕೋಟೆಗಳನ್ನು ಕಂಡವರಿಗೆ ರಿಟ್ಟರ್ ಎಂದರೆ ‘ಪಾಳೆಯಗಾರ’ ಎನ್ನಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಪಾಳೆಯಗಾರ ಸೀಮೆಯೊಂದರ ಒಡೆಯ; ಸ್ವಂತ ದಂಡು ಸಾಕಿ, ಕಂದಾಯ ಎತ್ತಿ, ಮೇಲಿನ ಪ್ರಭುವಿಗೆ ಪೊಗದಿ ಸಲ್ಲಿಸುತ್ತಿದ್ದವನು. ರಿಟ್ಟರ್ ಎಂಬುದು ವ್ಯಕ್ತಿಯ ದರ್ಜೆ. ಸೀಮೆಯಿಲ್ಲದ ರಿಟ್ಟರ್‌ಗಳೂ ಇದ್ದರು.

ಆದ್ದರಿಂದ ಭಾಷಾಂತರಕಾರರು ಸಂದರ್ಭ ನೋಡಿ ಪದ ಆರಿಸಬೇಕಾಗುತ್ತದೆ. ರಣರಂಗದ ಚಿತ್ರಣಕ್ಕೆ ‘ರಾವುತ’ ಸಲ್ಲುತ್ತದೆ. ಪದವಿ, ಬಿರುದುಗಳ ಮಾತಿದ್ದಲ್ಲಿ ‘ರಿಟ್ಟರ್’ ಎಂದೇ ಉಳಿಸುವುದು ಲೇಸು. 1915ರಲ್ಲಿ ವಿಶ್ವೇಶ್ವರಯ್ಯನವರಿಗೆ ‘ಸರ್’ ತಂದುಕೊಟ್ಟ ಪದವಿಯೂ ನೈಟ್ ದರ್ಜೆಯದೇ. ಅವರನ್ನು ಯಾರೂ ರಾವುತರೆನ್ನಲಿಲ್ಲ. ಇನ್ನು ಚದುರಂಗದ ನೈಟ್ ನಮಗೆ ‘ಕುದುರೆ’. ಜರ್ಮನರಿಗೂ ಅದು ರಿಟ್ಟರ್ ಅಲ್ಲ, ಜಿಗಿಯುವವನು ಎಂಬರ್ಥದ ‘ಶ್ಪ್ರಿಂಗರ್’.