ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯು ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಬಳಿ ತುಂಗಭದ್ರಾ ಜಲಾಶಯದಿಂದ ಹೊರಟು, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿ.ಮೀ. (141 ಮೈಲಿ) ಹರಿಯುವ ನೀರಾವರಿ ಕಾಲುವೆಯಾಗಿದೆ. ಗಂಗಾವತಿ, ಸಿಂಧನೂರು, ಮಾನ್ವಿ ಹಾಗೂ ರಾಯಚೂರು ಭಾಗಗಳ ಭತ್ತದ ಬೇಸಾಯ ಈ ಕಾಲುವೆಯನ್ನೇ ನೆಚ್ಚಿಕೊಂಡಿದೆ. ತಾಂತ್ರಿಕ ವಿನ್ಯಾಸಕ್ಕೂ ಸಮಾಜಕ್ಕೂ ಇರುವ ಸಂಬಂಧವನ್ನು ಅಧ್ಯಯನ ಮಾಡುವವರಿಗೆ ಇದೊಂದು ಪ್ರಸಿದ್ಧ ಉದಾಹರಣೆ. ಕಾಲುವೆಯನ್ನು ರೂಪಿಸಿದವರು ಅದನ್ನು ಬಳಸುವ ರೈತ ಹೇಗೆ ನಡೆದುಕೊಳ್ಳುವನೆಂದು ಒಂದು ಬಗೆಯಲ್ಲಿ ಊಹಿಸಿದ್ದರು. ರೈತರು ಬೇರೆಯೇ ಬಗೆಯಲ್ಲಿ ನಡೆದುಕೊಂಡರು. ಕಾಲುವೆಯ ಮುಂದಿನ ಇತಿಹಾಸದ ಬಹುಪಾಲು ಈ ಅಂತರದಿಂದಲೇ ಹುಟ್ಟಿದೆ.

ಹಿನ್ನೆಲೆ

ಈ ಪ್ರದೇಶಕ್ಕೆ ಕಾಲುವೆ ಹೊಸತಲ್ಲ. ವಿಜಯನಗರ ಅರಸರ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಹಾಕಿ ತೆಗೆದ ಕಾಲುವೆಗಳು ಆನೆಗೊಂದಿ, ಗಂಗಾವತಿ ಮತ್ತು ಹಂಪಿ ಪರಿಸರದಲ್ಲಿ ಇಂದಿಗೂ ನೀರುಣಿಸುತ್ತಿವೆ. ಆದರೆ ಅವು ನದಿಯ ಅಂಚಿನ ಕಿರಿದಾದ ಪಟ್ಟಿಗೆ ಸೀಮಿತವಾಗಿದ್ದವು. ಅದರಾಚೆಗಿನ ವಿಶಾಲ ಎರೆಭೂಮಿಯಲ್ಲಿ ಜೋಳ, ಸಜ್ಜೆ ಮತ್ತು ಹತ್ತಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದವು. 1876–78ರ ಮಹಾಕ್ಷಾಮವು ಬಳ್ಳಾರಿ, ರಾಯಚೂರು ಸೀಮೆಗಳನ್ನು ತೀವ್ರವಾಗಿ ಬಾಧಿಸಿದ ಬಳಿಕ, ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟುವ ವಿಚಾರ ಮತ್ತೆ ಮತ್ತೆ ಚರ್ಚೆಗೆ ಬಂತು.

ನದಿಯ ಎಡದಂಡೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೂ ಬಲದಂಡೆ ಮದ್ರಾಸ್ ಪ್ರಾಂತಕ್ಕೂ ಸೇರಿದ್ದರಿಂದ ಒಪ್ಪಂದ ಕುದುರಲು ದಶಕಗಳೇ ಹಿಡಿದವು. 1945ರಲ್ಲಿ ಶಂಕುಸ್ಥಾಪನೆಯಾಗಿ, 1953ರಲ್ಲಿ ಜಲಾಶಯವು ಬಳಕೆಗೆ ಬಂತು. ಅಣೆಕಟ್ಟನ್ನು ಸುಣ್ಣ ಮತ್ತು ಸುರ್ಕಿ ಗಾರೆಯ ಕಲ್ಲುಕಟ್ಟಡವಾಗಿ ನಿರ್ಮಿಸಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಜಿಲ್ಲೆಯಿಂದಲೇ 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು.

ರಕ್ಷಣಾತ್ಮಕ ನೀರಾವರಿಯ ವಿನ್ಯಾಸ

ಕಾಲುವೆಯನ್ನು ರೂಪಿಸುವಾಗ ಹೆಚ್ಚು ಇಳುವರಿ ಪಡೆಯುವುದು ಮುಖ್ಯ ಗುರಿಯಾಗಿರಲಿಲ್ಲ. ಬರಗಾಲದಲ್ಲಿ ಬೆಳೆ ಒಣಗದಂತೆ ಕಾಪಾಡುವುದೇ ಮುಖ್ಯವಾಗಿತ್ತು. ಇದನ್ನು ರಕ್ಷಣಾತ್ಮಕ ನೀರಾವರಿ ಎನ್ನುತ್ತಾರೆ. ಇದರ ತತ್ತ್ವ ಸರಳ: ಇರುವ ನೀರನ್ನು ಆದಷ್ಟು ಹೆಚ್ಚು ಹಳ್ಳಿಗಳಿಗೆ, ಆದಷ್ಟು ಹೆಚ್ಚು ಕುಟುಂಬಗಳಿಗೆ ತೆಳುವಾಗಿ ಹಂಚುವುದು. ಸುಮಾರು 2.4 ಲಕ್ಷ ಹೆಕ್ಟೇರ್ ಅಚ್ಚುಕಟ್ಟನ್ನು ಗುರುತಿಸಿದ್ದು ಇದೇ ತತ್ತ್ವದ ಆಧಾರದ ಮೇಲೆ. ಅಷ್ಟೂ ಜಮೀನಿಗೆ ಭತ್ತ ಬೆಳೆಯುವಷ್ಟು ನೀರು ಈ ಕಾಲುವೆಯಲ್ಲಿ ಎಂದೂ ಇರಲಿಲ್ಲ, ಇರಬೇಕೆಂಬ ಉದ್ದೇಶವೂ ಇರಲಿಲ್ಲ.

ಈ ಹಂಚಿಕೆಯನ್ನು ಜಾರಿಗೆ ತರಲು ‘ಲೋಕಲೈಸೇಶನ್’ ಎಂಬ ವ್ಯವಸ್ಥೆ ಬಂತು. ಅಚ್ಚುಕಟ್ಟಿನ ಪ್ರತಿಯೊಂದು ಸರ್ವೆ ನಂಬರಿಗೂ ಯಾವ ಹಂಗಾಮಿನಲ್ಲಿ ಯಾವ ಬಗೆಯ ಬೆಳೆಗೆ ನೀರು ಎಂಬುದನ್ನು ಸರ್ಕಾರವೇ ನಿಗದಿಪಡಿಸಿತು. ಕೆಲವು ಹೊಲಗಳು ಮುಂಗಾರಿನ ಲಘು ನೀರಾವರಿ ಬೆಳೆಗೆ, ಕೆಲವು ಹಿಂಗಾರಿನ ಬೆಳೆಗೆ, ಕೆಲವು ಹತ್ತಿಗೆ ಮೀಸಲಾದವು. ಭತ್ತಕ್ಕೂ ಕಬ್ಬು ಮತ್ತು ತೋಟದ ಬೆಳೆಗಳಿಗೂ ಸಣ್ಣ ಪಾಲನ್ನಷ್ಟೇ ಬಿಡಲಾಯಿತು. ಅಧಿಕೃತ ಭಾಷೆಯಲ್ಲಿ ಇದು ‘ಬೆಳೆ ಮಾದರಿ’. ಇದನ್ನು ಮೀರಿ ಬೆಳೆದವರಿಗೆ ದಂಡ ವಿಧಿಸಲು ನೀರಾವರಿ ಕಾನೂನಿನಲ್ಲಿ ಅವಕಾಶವಿದೆ. ವಿತರಣಾ ಕಾಲುವೆಗಳ ಅಗಲ, ಆಳ ಮತ್ತು ಹೊಲಗಾಲುವೆಗೆ ನೀರು ಬಿಡುವ ಕೊಳವೆ ತೂಬುಗಳ ಗಾತ್ರವನ್ನು ಈ ಕಾಗದದ ಲೆಕ್ಕದಂತೆಯೇ ತೀರ್ಮಾನಿಸಲಾಯಿತು. ಒಂದು ತೂಬಿನ ಕೆಳಗೆ ಎಷ್ಟು ಎಕರೆ ಜೋಳ, ಎಷ್ಟು ಎಕರೆ ಹತ್ತಿ ಇರಬೇಕೆಂಬ ಆದೇಶವು ಹೀಗೆ ಕಬ್ಬಿಣ ಮತ್ತು ಕಾಂಕ್ರೀಟಿನ ರೂಪ ತಾಳಿತು ಎನ್ನಬಹುದು.

ಭತ್ತದ ಆಗಮನ

ಎರೆಭೂಮಿಯ ಒಣಬೇಸಾಯಕ್ಕೆ ಒಗ್ಗಿದ್ದ ಸ್ಥಳೀಯ ರೈತರಲ್ಲಿ ಅನೇಕರು ಮೊದಲ ವರ್ಷಗಳಲ್ಲಿ ಕಾಲುವೆ ನೀರನ್ನು ಬಳಸಲು ಆತುರಪಡಲಿಲ್ಲ. ನೀರಾವರಿಗೆ ಹೊಲವನ್ನು ಮಟ್ಟಸ ಮಾಡಬೇಕು, ಬದು ಹಾಕಬೇಕು, ಬಂಡವಾಳ ಹೂಡಬೇಕು. ಅಷ್ಟು ಹಣ ಎಲ್ಲರ ಕೈಯಲ್ಲಿ ಇರಲಿಲ್ಲ. ಇದೇ ಸಮಯದಲ್ಲಿ ಕರಾವಳಿ ಆಂಧ್ರದ ಮುಖಜಭೂಮಿಗಳಿಂದ ರೈತರು ವಲಸೆ ಬಂದರು. ತಮ್ಮೂರಿನ ದುಬಾರಿ ಜಮೀನನ್ನು ಮಾರಿ, ಇಲ್ಲಿ ಅಗ್ಗವಾಗಿ ದೊರೆತ ಹೆಚ್ಚು ಜಮೀನನ್ನು ಕೊಂಡರು. ಭತ್ತದ ಗದ್ದೆ ಮಾಡುವ ಪರಿಣತಿಯೂ ಬಂಡವಾಳವೂ ಅವರಲ್ಲಿತ್ತು. ಗಂಗಾವತಿ ಮತ್ತು ಸಿಂಧನೂರು ಸುತ್ತ ಅವರು ನೆಲೆಸಿದ ಊರುಗಳನ್ನು ಜನ ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಕ್ರಮೇಣ ಸ್ಥಳೀಯ ರೈತರೂ ಭತ್ತಕ್ಕೆ ತಿರುಗಿದರು. ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು, ಸಾಲ ಕೊಡುವ ವರ್ತಕರು ಬಂದರು. ಗಂಗಾವತಿಗೆ ‘ಭತ್ತದ ಕಣಜ’ ಎಂಬ ಹೆಸರು ನಿಂತಿತು.

ಈ ಸಮೃದ್ಧಿಯ ಬೆಲೆಯನ್ನು ತೆತ್ತವರು ಕಾಲುವೆಯ ಕೊನೆ ಭಾಗದ ರೈತರು. ಭತ್ತಕ್ಕೆ ಲಘು ನೀರಾವರಿ ಬೆಳೆಗಿಂತ ಎರಡು ಮೂರು ಪಟ್ಟು ನೀರು ಬೇಕು. ಮೇಲ್ಭಾಗದಲ್ಲಿ ನಿಗದಿಗಿಂತ ಹೆಚ್ಚು ಗದ್ದೆಯಾದಂತೆ, ಅಷ್ಟೇ ನೀರು ಕೆಳಭಾಗದ ಪಾಲಿನಿಂದ ಕಡಿತವಾಗುತ್ತದೆ. ಕಾಗದದ ಮೇಲೆ ನೀರಾವರಿ ಜಮೀನು ಎನಿಸಿಕೊಂಡ ಎಷ್ಟೋ ಹೊಲಗಳು ಕೊನೆ ಭಾಗದಲ್ಲಿ ಮಳೆಯಾಶ್ರಿತವಾಗಿಯೇ ಉಳಿದವು.

ತೂಬಿನ ಬಳಿ ನಡೆಯುವುದು

ಕೊಳವೆ ತೂಬಿನಲ್ಲಿ ಹರಿಯುವ ನೀರಿನ ಪ್ರಮಾಣವು ಕೊಳವೆಯ ವ್ಯಾಸವನ್ನು ಮಾತ್ರವಲ್ಲ, ಕಾಲುವೆಯಲ್ಲಿರುವ ನೀರಿನ ಮಟ್ಟವನ್ನೂ ಅವಲಂಬಿಸಿದೆ. ರೈತರು ಇದನ್ನು ಬೇಗನೆ ಅರಿತುಕೊಂಡರು. ಕಾಲುವೆಯೊಳಗೆ ಕಲ್ಲು ಜೋಡಿಸಿ ನೀರಿನ ಮಟ್ಟ ಏರಿಸುವುದು, ತೂಬಿನ ಬಾಗಿಲನ್ನು ಕಿತ್ತುಹಾಕುವುದು, ದೊಡ್ಡ ಕೊಳವೆ ಕೂರಿಸುವುದು, ದಂಡೆಯ ಮೇಲೆ ಪಂಪ್‌ಸೆಟ್ ಇಡುವುದು ಸಾಮಾನ್ಯವಾಯಿತು. ಬೀಗ ಹಾಕಿದರೆ ಬೀಗ ಒಡೆಯುತ್ತದೆ; ಕಾವಲಿಗಿರುವ ಗ್ಯಾಂಗ್‌ಮನ್ ಅದೇ ಹಳ್ಳಿಯಲ್ಲಿ ಬಾಳಬೇಕಾದವನು. ನೀರಿನ ಅಭಾವ ತೀವ್ರವಾದ ವರ್ಷಗಳಲ್ಲಿ ಜಿಲ್ಲಾಡಳಿತವು ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸಿದ್ದುಂಟು. 47, 69 ಮತ್ತು 104ನೇ ಮೈಲಿಗಳ ಗೇಜ್ ಮಟ್ಟವು ಈ ಭಾಗದಲ್ಲಿ ರಾಜಕೀಯ ವಿಷಯವೇ ಆಗಿದೆ.

ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ಸಂಶೋಧಕ ಪೀಟರ್ ಮೊಲ್ಲಿಂಗ ಈ ಕಾಲುವೆಯ ಮೇಲೆ ದೀರ್ಘ ಕ್ಷೇತ್ರಕಾರ್ಯ ನಡೆಸಿದರು. ‘ಆನ್ ದ ವಾಟರ್‌ಫ್ರಂಟ್’ ಎಂಬ ಅವರ ಪ್ರಬಂಧವು 1998ರಲ್ಲಿ ಸಿದ್ಧಗೊಂಡು, 2003ರಲ್ಲಿ ಭಾರತದಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅವರ ವಾದದಂತೆ ನೀರಾವರಿ ತಂತ್ರಜ್ಞಾನಕ್ಕೆ ಮೂರು ಸಾಮಾಜಿಕ ಮುಖಗಳಿವೆ. ಅದು ಹಿತಾಸಕ್ತಿಗಳ ನಡುವಿನ ಎಳೆದಾಟದಲ್ಲಿ ರೂಪುಗೊಳ್ಳುತ್ತದೆ. ಬಳಕೆಯಾಗಲು ನಿರ್ದಿಷ್ಟ ಸಾಮಾಜಿಕ ಸ್ಥಿತಿಯನ್ನು ಬೇಡುತ್ತದೆ. ಬಳಕೆಯಾದ ಬಳಿಕ ಸಮಾಜದ ಮೇಲೆ ಪರಿಣಾಮ ಬೀರುತ್ತದೆ. ಎಡದಂಡೆ ಕಾಲುವೆ ಎಡವಿದ್ದು ಎರಡನೆಯದರಲ್ಲಿ. ಎದುರಿಗೇ ಹರಿಯುವ ನೀರನ್ನು ಬಿಟ್ಟು, ಲಾಭ ಕಡಿಮೆಯಿರುವ ಬೆಳೆಯನ್ನು ಬೆಳೆಯುವ ರೈತ ಈ ವಿನ್ಯಾಸಕ್ಕೆ ಬೇಕಾಗಿದ್ದ. ಅಂಥ ತ್ಯಾಗವನ್ನು ಪ್ರತಿದಿನವೂ ಮಾಡಿಸಬಲ್ಲ ಆಡಳಿತವೂ ಬೇಕಾಗಿತ್ತು. ಎರಡೂ ಇರಲಿಲ್ಲ.

ಇದೇ ಅಧ್ಯಯನವು ಇನ್ನೊಂದು ಮುಖ್ಯ ಸಂಗತಿಯನ್ನೂ ದಾಖಲಿಸಿದೆ. ಕಾಲುವೆಯಲ್ಲಿ ಅರಾಜಕತೆಯಷ್ಟೇ ಇರಲಿಲ್ಲ. ಅನೇಕ ಕಡೆ ಮೇಲ್ಭಾಗ ಮತ್ತು ಕೊನೆ ಭಾಗದ ರೈತರು ಜಗಳ, ಸಂಧಾನ ಮತ್ತು ರಾಜಕೀಯ ಒತ್ತಡಗಳ ನಡುವೆ ತಮ್ಮದೇ ಸರದಿ ಪದ್ಧತಿಯನ್ನು ಕಟ್ಟಿಕೊಂಡಿದ್ದರು. ಇಂಜಿನಿಯರರ ನಕ್ಷೆಯಲ್ಲಿ ಇಲ್ಲದಿದ್ದರೂ ನೀರನ್ನು ನಿಜವಾಗಿ ಹಂಚುತ್ತಿದ್ದುದು ಇಂಥ ಸರದಿಗಳೇ.

ಪರಿಣಾಮಗಳು

ಎರೆಭೂಮಿಯಲ್ಲಿ ವರ್ಷಗಟ್ಟಲೆ ನೀರು ನಿಂತದ್ದರಿಂದ ಮೇಲ್ಭಾಗದ ಜಮೀನುಗಳಲ್ಲೂ ಸವಳು-ಜವಳು ಸಮಸ್ಯೆ ಹರಡಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ನಿರ್ವಹಣೆ ಹಾಗೂ ಭೂಮಿಯೊಳಗಿನ ಬಸಿಗಾಲುವೆಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ. ನೀರು ಸಿಗದೆ ಕೊನೆ ಭಾಗದ ಹೊಲ ಒಣಗುತ್ತಿರುವಾಗ ನೀರು ಹೆಚ್ಚಾಗಿ ಮೇಲ್ಭಾಗದ ಹೊಲ ಕೆಡುತ್ತಿರುವುದು ಈ ಯೋಜನೆಯ ವೈಪರೀತ್ಯ.

ಸುಧಾರಣಾ ಕ್ರಮಗಳು

ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಮುನಿರಾಬಾದಿನಲ್ಲಿದೆ. ಹೊಲಗಾಲುವೆ ನಿರ್ಮಾಣ, ಭೂಮಿ ಸಮತಟ್ಟು ಮತ್ತು ರೈತರ ಸಂಘಟನೆ ಅದರ ಕೆಲಸಗಳು. 2000ದ ಕಾನೂನು ತಿದ್ದುಪಡಿಯ ನಂತರ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಒತ್ತು ದೊರೆಯಿತು. ಆದರೆ ಮುಖ್ಯ ಕಾಲುವೆಯಿಂದ ತಮಗೆ ಎಷ್ಟು ನೀರು ಬರುವುದೆಂಬ ಖಾತರಿಯಿಲ್ಲದೆ ಹಂಚುವ ಹೊಣೆಯನ್ನಷ್ಟೇ ಹೊತ್ತ ಸಂಘದಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಪ್ರತಿ ಹಂಗಾಮಿನಲ್ಲಿ ಎಂದಿನಿಂದ ಎಂದಿನವರೆಗೆ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆ ನಿರ್ಧರಿಸುತ್ತದೆ. ಕೊರತೆಯಿದ್ದರೆ ‘ಆನ್ ಅಂಡ್ ಆಫ್’ ಪದ್ಧತಿ, ಅಂದರೆ ಕೆಲದಿನ ನೀರು ಬಿಟ್ಟು ಕೆಲದಿನ ನಿಲ್ಲಿಸುವ ಕ್ರಮ, ಜಾರಿಗೆ ಬರುತ್ತದೆ.

ಜಲಾಶಯದ ಹೂಳು ಮತ್ತೊಂದು ಸಮಸ್ಯೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರಂದು 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಸುಮಾರು ಒಂದು ವಾರದ ಬಳಿಕ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಸ್ಟಾಪ್‌ಲಾಗ್ ಅಳವಡಿಸಲಾಯಿತು. ಹೂಳಿನಿಂದ ಆದ ನಷ್ಟವನ್ನು ತುಂಬಲು ಹಿಂದಿನ ಗಂಗಾವತಿ ತಾಲ್ಲೂಕಿಗೆ ಸೇರಿದ್ದ ನವಲಿ ಬಳಿ ಸಮತೋಲನ ಜಲಾಶಯ ನಿರ್ಮಿಸುವ ಪ್ರಸ್ತಾವವಿದೆ. ಅದಕ್ಕೂ ಜಮೀನು ಮುಳುಗಡೆಯಾಗಬೇಕಾಗುತ್ತದೆ.

ಕುಷ್ಟಗಿ ಮತ್ತು ಯಲಬುರ್ಗಾ

ಜಿಲ್ಲೆಯ ಎತ್ತರದ ಭಾಗವಾದ ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಿಗೆ ಈ ಕಾಲುವೆಯ ಲಾಭ ದೊರೆತಿಲ್ಲ. ನೀರು ತಾನಾಗಿ ಹರಿಯುವ ಮಟ್ಟಕ್ಕಿಂತ ಅವು ಮೇಲಿವೆ. ಕೆರೆ, ಕೊಳವೆಬಾವಿ ಮತ್ತು ಮಳೆಯೇ ಅಲ್ಲಿನ ಆಧಾರ. ಬರದ ವರ್ಷಗಳಲ್ಲಿ ಕೂಲಿ ಅರಸಿ ಗುಳೆ ಹೋಗುವುದು ಸಾಮಾನ್ಯ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಕೊಪ್ಪಳ ಏತ ನೀರಾವರಿ ಯೋಜನೆಯ ಮೂಲಕ ಈ ಭಾಗಕ್ಕೆ ನೀರು ಎತ್ತುವ ಉದ್ದೇಶವಿದೆ. ನೀರನ್ನು ತೆಳುವಾಗಿ, ಹೆಚ್ಚು ಜನರಿಗೆ ಹಂಚುವ ಹಳೆಯ ವಿಚಾರವು ಇಂಥ ಯೋಜನೆಗಳ ಚರ್ಚೆಯಲ್ಲಿ ಹನಿ ನೀರಾವರಿಯ ರೂಪದಲ್ಲಿ ಮರಳಿ ಬಂದಿದೆ. ನೆರೆಯ ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿ ಕಲ್ಪಿಸುವ ಯೋಜನೆ ಇದರ ಮಾದರಿ. ಇಲ್ಲಿ ತೂಬಿನ ಬದಲಿಗೆ ಕವಾಟ, ಕಾಲುವೆಯ ಬದಲಿಗೆ ಕೊಳವೆ ಬಂದಿವೆ. ಕವಾಟವನ್ನು ಯಾವಾಗ ತೆರೆಯಬೇಕು, ಕೆಟ್ಟ ಕೊಳವೆಯನ್ನು ಯಾರ ಖರ್ಚಿನಲ್ಲಿ ದುರಸ್ತಿ ಮಾಡಬೇಕು ಎಂಬುದನ್ನು ಅಲ್ಲಿಯೂ ರೈತರೇ ಒಟ್ಟಾಗಿ ತೀರ್ಮಾನಿಸಬೇಕಾಗುತ್ತದೆ.