ಸಂಪಂಗಿ ಕೆರೆಯೂ ಕರಗವೂ

ಬೆಂಗಳೂರಿನ ಕರಗವು ಚೈತ್ರಮಾಸದ ಉತ್ಸವ. ಬಿಸಿಲೇರಿ ಕೆರೆಗಳ ನೀರು ಇಳಿಯತೊಡಗುವ ಕಾಲವದು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಲ್ಲಿ ದ್ರೌಪದಿಯನ್ನು ಆರಾಧಿಸುವ ವಹ್ನಿಕುಲದ ತಿಗಳರು ಪರಂಪರೆಯಿಂದ ತೋಟಗಾರರು. ಹೂವು, ಸೊಪ್ಪು, ಕಾಯಿಪಲ್ಯಗಳನ್ನು ಬೆಳೆದು ಪೇಟೆಗೆ ಒದಗಿಸುತ್ತಿದ್ದವರು. ಅವರಲ್ಲಿ ಅನೇಕರ ತೋಟಗಳಿಗೆ ಸಂಪಂಗಿ ಕೆರೆಯ ನೀರೇ ಆಧಾರವಾಗಿದ್ದಿತು. ಹುಣ್ಣಿಮೆಗೆ ಮುಂಚೆ ಹಸಿಕರಗವು ಆ ಕೆರೆಯ ದಡದಿಂದಲೇ ದೇವಾಲಯಕ್ಕೆ ಬರುವುದು ಬರಿಯ ಆಕಸ್ಮಿಕವೆಂದು ಹೇಳಲಾಗದು.

ಹುಣ್ಣಿಮೆಯ ರಾತ್ರಿ ಅರ್ಚಕನು ಸ್ತ್ರೀವೇಷವನ್ನು ಧರಿಸಿ, ಮಲ್ಲಿಗೆಯಿಂದ ಅಲಂಕೃತವಾದ ಕರಗವನ್ನು ಕೈಯಿಂದ ಹಿಡಿಯದೆ ತಲೆಯ ಮೇಲೆ ಹೊತ್ತು, ಖಡ್ಗಧಾರಿಗಳಾದ ವೀರಕುಮಾರರ ನಡುವೆ ಪೇಟೆಗಳನ್ನೆಲ್ಲ ಸುತ್ತುವನು. ಪಡುವಣ ದಿಕ್ಕಿನ ಕಾಟನ್‌ಪೇಟೆಯಲ್ಲಿರುವ ಮಸ್ತಾನ್ ಸಾಬ್ ದರ್ಗಾಕ್ಕೂ ಕರಗವು ಹೋಗಿಬರುವುದು. ಪೇಟೆಯ ನೆರೆಹೊರೆಯ ಬಾಳಿಗೆ ಇದಕ್ಕಿಂತ ಸೊಗಸಾದ ಸಾಕ್ಷಿ ಬೇಕಿಲ್ಲ.

ಕೆರೆಯ ಗತಿ ಮಾತ್ರ ಬೇರೆಯಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ನಗರಕ್ಕೆ ಬಂದಿತು; 1933ರಲ್ಲಿ ಪಶ್ಚಿಮಕ್ಕಿರುವ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಸೇರಿತು. ಮನೆಮನೆಗೆ ನಲ್ಲಿ ಬಂದ ಮೇಲೆ ಊರಿಗೆ ಕೆರೆಯ ಹಂಗು ತಪ್ಪಿತು, ತೋಟಗಾರನಿಗೆ ತಪ್ಪಲಿಲ್ಲ. ಆದರೆ ಅವನ ಅಗತ್ಯವನ್ನು ಕೇಳುವವರು ವಿರಳವಾದರು. 1937ರ ಹೊತ್ತಿಗೆ ಸಂಪಂಗಿ ಕೆರೆಯು ಕುಗ್ಗಿ ಸಣ್ಣ ಕೊಳವಾಗಿದ್ದಿತು. ಅದರ ಅಂಗಳದಲ್ಲಿ ಮುಂದೆ ಕಂಠೀರವ ಕ್ರೀಡಾಂಗಣವೆದ್ದಿತು. 1997ರ ರಾಷ್ಟ್ರೀಯ ಕ್ರೀಡಾಕೂಟವು ಅಲ್ಲಿಯೇ ನಡೆಯಿತು. ತೋಟಗಳಿಗಾಗಿ ಉಳಿಯದ ನೀರು ಪೂಜೆಗಾಗಿ ಒಂದಿಷ್ಟು ಉಳಿಯಿತು: ಹಸಿಕರಗದ ವಿಧಿಗೆಂದು ಬಿಟ್ಟ ಕಲ್ಯಾಣಿಯೊಂದು ಕ್ರೀಡಾಂಗಣದ ಮಗ್ಗುಲಲ್ಲಿದೆ.